ಒಂದೇ ರಾತ್ರಿಗೆ 14 ಗೋಲ್ಡ್ ರಿಪೇರಿ: ಟ್ಯಾಂಕ್ ಆದವನ ಗೋಳು ಕೇಳುವವರು ಯಾರು?

ತಗಡು_ತಮ್ಮಣ್ಣ (ಚರ್ಚೆ ಶುರು ಮಾಡಿದವರು)

ನಮಸ್ಕಾರ ಎಲ್ಲರಿಗೂ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನುವ ಆನ್‌ಲೈನ್ ಆಟದಲ್ಲಿ ನಾನು ವಾರಿಯರ್, ಅಂದರೆ ಯೋಧ. ಪ್ರೊಟೆಕ್ಷನ್, ಅಂದರೆ ಗುರಾಣಿ ಹಿಡಿದು ಎದುರಿಗೆ ನಿಂತು ಏಟು ತಿನ್ನುವ ಕೆಲಸ. ಇಂಥವನನ್ನೇ ಟ್ಯಾಂಕ್ ಅನ್ನುವುದು. ಮೊನ್ನೆ ಶನಿವಾರ ನಮ್ಮ ಗಿಲ್ಡ್ (ಜೊತೆಗೆ ಆಡುವವರ ತಂಡ) ಬ್ಲ್ಯಾಕ್‌ವಿಂಗ್ ಲೇರ್ ಅನ್ನುವ ರೈಡ್‌ಗೆ, ಅಂದರೆ 40 ಜನ ಸೇರಿ ಹೊಡೆದಾಡುವ ಜಾಗಕ್ಕೆ, ಹೋಗಿತ್ತು. ಅಲ್ಲಿನ ಎರಡನೇ ಬಾಸ್, ಅಂದರೆ ದೊಡ್ಡ ಶತ್ರು, ವೇಲಾಸ್ಟ್ರಾಸ್ ಹತ್ತಿರ ಒಂಬತ್ತು ಸಲ ಮಣ್ಣು ಮುಕ್ಕಿದೆವು. ಒಂದು ಸಾವಿಗೆ ಮೈಮೇಲಿನ ಪ್ರತಿ ಸಾಮಾನಿನ ಬಾಳಿಕೆ ಶೇ 10 ಇಳಿಯುತ್ತದೆ. ನಡುವೆ ಬಿದ್ದ ಏಟಿನ ಸವಕಳಿ ಬೇರೆ. ಕೊನೆಗೆ ಪರದೆಯ ಮೂಲೆಯಲ್ಲಿ ಬರುತ್ತದಲ್ಲ, ಆ ಪುಟ್ಟ ಕವಚದ ಬೊಂಬೆ, ಅದು ಪೂರ್ತಿ ಕೆಂಪು. ಊರಿಗೆ ಬಂದು ರಿಪೇರಿ ಒತ್ತಿದರೆ 14 ಗೋಲ್ಡ್ (ಆಟದೊಳಗಿನ ದುಡ್ಡು) ಚಿಲ್ಲರೆ ಹೋಯಿತು.

ನಮ್ಮ ಮೇಜ್ (ಮಂತ್ರವಾದಿ) ಗೆಳೆಯನೂ ಅಷ್ಟೇ ಸಲ ಸತ್ತಿದ್ದ. ಅವನಿಗೆ ನಾಲ್ಕು ಗೋಲ್ಡ್ ಕೂಡ ಆಗಲಿಲ್ಲ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ವೇಲಾಸ್ಟ್ರಾಸ್ ಎದುರು ಟ್ಯಾಂಕ್ ಸಾಯಲೇಬೇಕು. ಆಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸುಮಾರು 45 ಸೆಕೆಂಡಿಗೊಮ್ಮೆ ಅವನು ಎದುರಿಗಿರುವ ಟ್ಯಾಂಕಿಗೆ ಬರ್ನಿಂಗ್ ಅಡ್ರಿನಲಿನ್ ಅನ್ನುವ ಶಾಪ ಹಚ್ಚುತ್ತಾನೆ. ಹಚ್ಚಿದ ಮೇಲೆ ಬದುಕುವ ದಾರಿಯೇ ಇಲ್ಲ. ನಾನು ಬೀಳುತ್ತೇನೆ, ಮುಂದಿನ ಟ್ಯಾಂಕ್ ಬಂದು ನಿಲ್ಲುತ್ತಾನೆ. ಅಂದರೆ ಗಿಲ್ಡ್ ಗೆದ್ದಾಗಲೂ ನಾನು ಸತ್ತಿರುತ್ತೇನೆ. ಗೆದ್ದದ್ದಕ್ಕೂ ಬಿಲ್ಲು!

ಎರಡು ಪ್ರಶ್ನೆ. ಈ ಸವಕಳಿ, ರಿಪೇರಿ ಅನ್ನುವುದು ಆಟದಲ್ಲಿ ಯಾಕಾದರೂ ಇದೆ? ಇರಲೇಬೇಕು ಅಂದರೆ ಆ ದುಡ್ಡು ಯಾರು ಕೊಡಬೇಕು?

ಮೇಜ್_ಮಂಜ

ಟ್ಯಾಂಕ್ ಆಗು ಅಂತ ನಿನಗೆ ಯಾರು ಹೇಳಿದ್ದು ಗುರು? ಬಟ್ಟೆ ಹಾಕಿಕೊಂಡು ಹಿಂದೆ ನಿಂತು ಬೆಂಕಿ ಉಗುಳು. ಆರಾಮ.

ಮುಲಾಮು_ಮಾಲಾ

ಮಂಜ, ನಿನ್ನಂಥವರು ಮೂವತ್ತು ಜನ ಸಿಗುತ್ತಾರೆ. ಟ್ಯಾಂಕ್ ಒಬ್ಬ ಸಿಗುವುದು ಕಷ್ಟ. ಸುಮ್ನಿರು.

ತಮ್ಮಣ್ಣ, ಮೇಜ್‌ಗೆ ಯಾಕೆ ಕಡಿಮೆ ಅಂತ ಹೇಳುತ್ತೇನೆ. ಪ್ರತಿ ಸಾಮಾನಿಗೂ ಬಾಳಿಕೆಯ ಅಂಕ ಇರುತ್ತದಲ್ಲ, ನಿಮ್ಮ ಎದೆಕವಚದ ಮೇಲೆ ಮೌಸ್ ಇಟ್ಟು ನೋಡಿ. ಎಪಿಕ್ (ಮೇಲ್ದರ್ಜೆಯ) ಪ್ಲೇಟ್, ಅಂದರೆ ಲೋಹದ ಕವಚ, ಆದರೆ 165. ಮೇಜ್‌ನ ನಿಲುವಂಗಿಗೆ 100. ನಿಮ್ಮ ಶಿರಸ್ತ್ರಾಣಕ್ಕೆ 100, ಅವನ ಟೊಪ್ಪಿಗೆಗೆ 60. ಶೇ 10 ಅಂದರೆ ನಿಮಗೆ ಜಾಸ್ತಿ ಅಂಕ ಹೋಗುತ್ತದೆ. ಅದರ ಮೇಲೆ ಪ್ಲೇಟ್‌ನ ಒಂದೊಂದು ಅಂಕದ ದರವೂ ಬಟ್ಟೆಗಿಂತ ದುಬಾರಿ. ಸಾಮಾನು ಒಳ್ಳೆಯದಾದಷ್ಟೂ ದರ ಏರುತ್ತದೆ. ಮೇಜ್‌ಗೆ ಗುರಾಣಿಯೂ ಇಲ್ಲ. ಉಂಗುರ, ಸರ, ಮೇಲಂಗಿ, ಟ್ರಿಂಕೆಟ್ ಇವಕ್ಕೆ ಯಾರಿಗೂ ಸವಕಳಿ ಇಲ್ಲ.

ಕೆಲವು ಉಳಿತಾಯ ಹೇಳುತ್ತೇನೆ, ನಾನು ಹೀಲರ್ (ಗಾಯ ವಾಸಿ ಮಾಡುವವಳು) ಆದರೂ ಬಡವಿಯೇ:

ಹೆಣದ ಹತ್ತಿರ ಓಡಿಯೇ ಹೋಗಿ. ಸೋಮಾರಿತನ ಮಾಡಿ ಸ್ಮಶಾನದ ಸ್ಪಿರಿಟ್ ಹೀಲರ್ ಕೈಲಿ ಎದ್ದರೆ ಶೇ 25 ಹೋಗುತ್ತದೆ. ಅದೂ ಮೈಮೇಲಿನದು ಮಾತ್ರ ಅಲ್ಲ, ಚೀಲದಲ್ಲಿ ಮಡಚಿಟ್ಟ ಎರಡನೇ ಸೆಟ್ಟಿಗೂ ಸೇರಿ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಬೇಡದ ಸೆಟ್ ಬ್ಯಾಂಕಿನಲ್ಲಿಟ್ಟು ಹೋಗಿ.

ನಿಮ್ಮನ್ನು ಗೌರವಿಸುವ ಬಣದ ಅಂಗಡಿಯಲ್ಲೇ ರಿಪೇರಿ ಮಾಡಿಸಿ. ಆ ಬಣದಲ್ಲಿ ನಿಮ್ಮ ಹೆಸರು ಆನರ್ಡ್ ಅನ್ನುವ ಮಟ್ಟದಲ್ಲಿದ್ದರೆ ಶೇ 10 ರಿಯಾಯಿತಿ ಸಿಗುತ್ತದೆ, ರಿಪೇರಿಗೂ.

ಬೇರೆ ಆಟಗಾರ ಕೊಂದರೆ ಸವಕಳಿ ಇಲ್ಲ. ಅದಕ್ಕೆ ಬಿಲ್ಲು ನೋಡಿ ಗಾಬರಿಯಾದ ದಿನ ನಾನು ಬ್ಯಾಟಲ್‌ಗ್ರೌಂಡ್‌ಗೆ (ಆಟಗಾರರೇ ಆಟಗಾರರ ಜೊತೆ ಹೊಡೆದಾಡುವ ಕಣ) ಹೋಗಿ ಪುಕ್ಕಟೆ ಸಾಯುತ್ತೇನೆ. ಮನಸ್ಸಿಗೆ ಸಮಾಧಾನ.

ಡಯಲಪ್_ದೊಡ್ಡಪ್ಪ

ತಮ್ಮಣ್ಣನ ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಅಲ್ಟಿಮಾ ಆನ್‌ಲೈನ್ ಅನ್ನುವ ಹಳೇ ಆಟದ ಕಾಲದಿಂದ ಈ ರಿಪೇರಿ ಬಿಲ್ಲು ಕಟ್ಟಿಕೊಂಡು ಬಂದವನು ನಾನು.

ಬಚ್ಚಲುಮನೆ ಒಂದನ್ನು ನೆನೆಸಿಕೊಳ್ಳಿ. ನಲ್ಲಿ ಇದೆ, ತೂಬು ಇದೆ. ನೀವು ಒಂದು ತೋಳ ಕೊಂದರೆ ಅದರ ಜೇಬಿನಿಂದ (ತೋಳಕ್ಕೆ ಜೇಬು ಎಲ್ಲಿಂದ ಬಂತು ಅಂತ ಕೇಳಬೇಡಿ) ನಾಣ್ಯ ಬೀಳುತ್ತದೆ. ಆ ನಾಣ್ಯ ಯಾರ ಕೈಯಿಂದಲೂ ಬಂದದ್ದಲ್ಲ. ಸರ್ವರ್ ಆಗ ತಾನೇ ಹುಟ್ಟಿಸಿದ್ದು. ಕ್ವೆಸ್ಟ್ (ಆಟ ಒಪ್ಪಿಸುವ ಕೆಲಸ) ಮುಗಿಸಿದರೆ ಬರುವುದೂ ಹಾಗೇ, ಕಸ ತಂದು ಅಂಗಡಿಗೆ ಮಾರಿದರೆ ಬರುವುದೂ ಹಾಗೇ. ಇದು ನಲ್ಲಿ. ಸಾವಿರಾರು ಜನ ಹಗಲು ರಾತ್ರಿ ನಲ್ಲಿ ತಿರುಗಿಸುತ್ತಿದ್ದಾರೆ. ತೂಬು ಇಲ್ಲದಿದ್ದರೆ ಏನಾಗುತ್ತದೆ? ಎಲ್ಲರ ಹತ್ತಿರವೂ ದುಡ್ಡು, ಆದರೆ ಒಂದು ಔಷಧಿ ಬಾಟಲಿಗೆ ಹರಾಜುಕಟ್ಟೆಯಲ್ಲಿ ಬಾಯಿಗೆ ಬಂದ ಬೆಲೆ. ಹೊಸದಾಗಿ ಬಂದ ಹುಡುಗ ಏನೂ ಕೊಳ್ಳಲಾರ.

ನೀವು ನನಗೆ ಕತ್ತಿ ಮಾರಿದರೆ ದುಡ್ಡು ನನ್ನ ಜೇಬಿನಿಂದ ನಿಮ್ಮ ಜೇಬಿಗೆ ಹೋಯಿತು ಅಷ್ಟೇ. ಕಮ್ಮಾರ ಎನ್‌ಪಿಸಿಗೆ (ಆಟವೇ ನಡೆಸುವ ಪಾತ್ರ) ಕೊಟ್ಟ ದುಡ್ಡು ಲೋಕದಿಂದಲೇ ಹೋಯಿತು. ರಿಪೇರಿ ಅನ್ನುವುದು ತೂಬು. ಹರಾಜುಕಟ್ಟೆ ಹಿಡಿದುಕೊಳ್ಳುವ ಶೇ 5, ಕುದುರೆಗೆ ಕೊಡುವ ದುಡ್ಡು, ಇವೂ ತೂಬೇ. ಆದರೆ ಕುದುರೆ ಒಂದೇ ಸಲ ಕೊಳ್ಳುತ್ತೀರಿ. ರಿಪೇರಿ ಆಡುವ ತನಕ ಇರುತ್ತದೆ. ಜಾಸ್ತಿ ಆಡಿದವನು ಜಾಸ್ತಿ ನಲ್ಲಿ ತಿರುಗಿಸಿದ, ಜಾಸ್ತಿ ಸವೆಸಿದ, ಜಾಸ್ತಿ ಕಟ್ಟಿದ. ಲೆಕ್ಕ ಸರಿ ಇದೆ.

ನಲ್ಲಿಯನ್ನೇ ಬಿಗಿ ಮಾಡಿದರೆ ಆಗದೇ ಅಂತ ಕೇಳಬಹುದು. 1997ರಲ್ಲಿ ಅಲ್ಟಿಮಾ ಅದನ್ನೂ ಮಾಡಿ ನೋಡಿತ್ತು. ಲೋಕದಲ್ಲಿ ಇಷ್ಟೇ ಸಾಮಗ್ರಿ, ಬಳಸಿ ಮುಗಿದರೆ ಮಾತ್ರ ವಾಪಸ್ ಹುಟ್ಟುತ್ತದೆ ಅಂತ ಲೆಕ್ಕ ಹಾಕಿದ್ದರು. ಜನ ಏನು ಮಾಡಿದರು ಗೊತ್ತಾ? ಸಿಕ್ಕಿದ್ದನ್ನೆಲ್ಲ ಮನೆಗೆ ತಂದು ತುಂಬಿಟ್ಟರು. ಅಂಗಿ, ಚರ್ಮ, ಗಟ್ಟಿ, ಎಲ್ಲ ಪೆಟ್ಟಿಗೆಯಲ್ಲಿ. ಹೊರಗೆ ಹೊಸದು ಹುಟ್ಟುವುದೇ ನಿಂತಿತು. ಕೊನೆಗೆ ಆ ಲೆಕ್ಕವನ್ನೇ ಕೈಬಿಟ್ಟರು. ನಮ್ಮ ಅಜ್ಜಿ ಹಳೇ ಡಬ್ಬಿ, ಪ್ಲಾಸ್ಟಿಕ್ ಕವರ್ ಎಸೆಯದೆ ಇಟ್ಟುಕೊಳ್ಳುತ್ತಿದ್ದದ್ದು ನೆನಪಾಗುತ್ತದೆ.

ತಗಡು_ತಮ್ಮಣ್ಣ

> ಜಾಸ್ತಿ ಆಡಿದವನು ಜಾಸ್ತಿ ನಲ್ಲಿ ತಿರುಗಿಸಿದ, ಜಾಸ್ತಿ ಸವೆಸಿದ, ಜಾಸ್ತಿ ಕಟ್ಟಿದ.

ದೊಡ್ಡಪ್ಪ, ನಿಮ್ಮ ಬಚ್ಚಲು ನನಗೆ ಅರ್ಥ ಆಯಿತು. ತೂಬು ಬೇಕು, ಒಪ್ಪಿದೆ. ಆದರೆ ನಲ್ಲಿ ತಿರುಗಿಸಿದವನು ಒಬ್ಬ, ಕಟ್ಟುವವನು ಇನ್ನೊಬ್ಬ ಆಗಿದ್ದಾನಲ್ಲ!

ನೋಡಿ, ನಾನು ಪ್ರೊಟೆಕ್ಷನ್. ಒಂಟಿಯಾಗಿ ಹೋಗಿ ಒಂದು ಹಂದಿ ಕೊಲ್ಲಬೇಕಾದರೆ ಟೀ ಕುಡಿದು ಬರಬಹುದು, ಅಷ್ಟು ಹೊತ್ತು. ಮಂಜ ಅಷ್ಟರಲ್ಲಿ ಹಿಂಡುಗಟ್ಟಲೆ ಹಿಮ ಸುರಿದು ಮುಗಿಸಿರುತ್ತಾನೆ. ದುಡ್ಡು ದುಡಿಯಬೇಕಾದರೆ ನಾನು ಟ್ಯಾಲೆಂಟ್, ಅಂದರೆ ಪಾತ್ರದ ಕೌಶಲಗಳನ್ನು, ಬದಲಾಯಿಸಿಕೊಂಡು ಹೋಗಬೇಕು. ಅದಕ್ಕೆ ಪ್ರತಿ ಸಲ ದುಡ್ಡು, ಏರುತ್ತಾ ಏರುತ್ತಾ 50 ಗೋಲ್ಡ್ ತನಕ. ರೈಡ್‌ಗೆ ವಾಪಸ್ ಟ್ಯಾಂಕ್ ಆಗಲು ಇನ್ನೊಂದು 50. ಅಂದರೆ ಲೋಕಕ್ಕೆ ನೀರು ಬಿಟ್ಟವನು ಮಂಜ, ತೂಬಿನ ಹತ್ತಿರ ನಿಂತವನು ನಾನು. ಇದು ಯಾವ ಊರಿನ ಲೆಕ್ಕ?

ಮೇಜ್_ಮಂಜ

ನನ್ನ ಹೆಸರು ಯಾಕೆ ಮಧ್ಯೆ ತರುತ್ತೀರಪ್ಪ. ನೀರು ಬಿಟ್ಟದ್ದು ನಿಜ.

ಬಸ್_ಸೀಟಿನ_ಬಂಟ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಕಡೆಯಿಂದ ಎರಡು ಮಾತು. ದಿನಾ ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿ ಫೋನಿನಲ್ಲೇ ಆಡುವವನು ನಾನು.

ನಮ್ಮಲ್ಲಿ ಸುಮಾರು ಸಾಮಾನಿಗೆ ಸವಕಳಿಯೇ ಇಲ್ಲ. ಇರುವುದರಲ್ಲಿ ಹೆಸರು ಮಾಡಿದ್ದು ಬ್ಯಾರೋಸ್ ಕವಚ. 2005ರಿಂದ ಇದೆ. ಆರು ಅಣ್ಣತಮ್ಮಂದಿರ ಗೋರಿಗಿಳಿದು ಅವರ ಸಾಮಾನು ತರುವುದು. ಅದು ಸಾವಿನ ಲೆಕ್ಕಕ್ಕೆ ಸವೆಯುವುದಿಲ್ಲ, ಹೊತ್ತಿನ ಲೆಕ್ಕಕ್ಕೆ ಸವೆಯುತ್ತದೆ. 15 ಗಂಟೆ ಹೊಡೆದಾಡಿದರೆ ಸೊನ್ನೆ. ಸೊನ್ನೆ ಆದರೆ ಮೈಗೆ ಹಾಕಲು ಬರುವುದಿಲ್ಲ. ಅರ್ಧ ಸವೆದದ್ದನ್ನು ಮಾರಲೂ ಆಗುವುದಿಲ್ಲ.

ಲುಂಬ್ರಿಜ್ ಊರಿನಲ್ಲಿ ಬಾಬ್ ಅಂತ ಇದ್ದಾನೆ, ರಿಪೇರಿ ಮಾಡುತ್ತಾನೆ. ಪೂರ್ತಿ ಸವೆದ ಸೆಟ್ಟಿಗೆ ಅವನ ದರ: ಶಿರಸ್ತ್ರಾಣಕ್ಕೆ 60,000, ಎದೆಗೆ 90,000, ಕಾಲಿಗೆ 80,000, ಆಯುಧಕ್ಕೆ 1 ಲಕ್ಷ. ಒಟ್ಟು 3,30,000 ನಾಣ್ಯ. ಆದರೆ ನಿಮ್ಮ ಸ್ವಂತ ಮನೆಯಲ್ಲಿ ಕವಚದ ಸ್ಟ್ಯಾಂಡ್ ಕಟ್ಟಿಸಿಕೊಂಡರೆ, ನಿಮ್ಮ ಕಮ್ಮಾರಿಕೆಯ ಒಂದೊಂದು ಮಟ್ಟಕ್ಕೂ ಅರ್ಧ ಶೇಕಡಾ ಕಡಿತ. 99ನೇ ಮಟ್ಟ ಮುಟ್ಟಿದವನು 1,66,650ಕ್ಕೆ ಮುಗಿಸುತ್ತಾನೆ. ಕಸುಬು ಕಲಿತವನಿಗೆ ಅರ್ಧ ಬೆಲೆ. ಇದು ನನಗೆ ಬಹಳ ಇಷ್ಟ. ಬಿಲ್ಲು ನೋಡಿ ಗೊಣಗುವ ಬದಲು ಸುತ್ತಿಗೆ ಹಿಡಿಯಬಹುದು.

ತಮ್ಮಣ್ಣನ ತೊಂದರೆ ಇಲ್ಲಿ ಬರುವುದಿಲ್ಲ. ಒಂಬತ್ತು ಸಲ ಸತ್ತರೂ ಗಡಿಯಾರ ಓಡುವುದು ಹೊಡೆದಾಡಿದ ಹೊತ್ತಿಗೆ ಮಾತ್ರ.

ಸುಮ್ನಿರು_ಸುಬ್ಬಿ

ತೂಬು ತೂಬು ಅಂತ ಹೇಳಿ ಎಲ್ಲ ತಪ್ಪಿಗೂ ಮಾಫಿ ಕೊಡಬೇಡಿ ದೊಡ್ಡಪ್ಪ. ಗಿಲ್ಡ್ ವಾರ್ಸ್ 2 ನೋಡಿ. 2012ರಲ್ಲಿ ಬಂದಾಗ ಅಲ್ಲೂ ಸತ್ತರೆ ಕವಚ ಹಾಳಾಗುತ್ತಿತ್ತು, ರಿಪೇರಿಗೆ ದುಡ್ಡು ಕಟ್ಟಬೇಕಿತ್ತು. 2014ರ ಏಪ್ರಿಲ್‌ನಲ್ಲಿ ಆ ದುಡ್ಡನ್ನೇ ತೆಗೆದುಹಾಕಿದರು. ಕವಚ ಈಗಲೂ ಹಾಳಾಗುತ್ತದೆ, ಆದರೆ ರಿಪೇರಿ ಪುಕ್ಕಟೆ. ಆಕಾಶ ಕಳಚಿ ಬಿತ್ತಾ? ಇಲ್ಲ. ಯಾಕೆಂದರೆ ಅಲ್ಲಿ ದೊಡ್ಡ ತೂಬು ಬೇರೆ ಕಡೆ ಇದೆ. ಮಾರುಕಟ್ಟೆಯಲ್ಲಿ ಏನು ಮಾರಿದರೂ ಒಟ್ಟು ಶೇ 15 ಹೋಗುತ್ತದೆ: ಪಟ್ಟಿಗೆ ಹಾಕುವಾಗ 5, ಮಾರಾಟವಾದಾಗ 10. ಅಂದರೆ ದುಡ್ಡು ತಿರುಗಿಸುವವನು ಕಟ್ಟುತ್ತಾನೆ. ದಿನಾ ಸಾವಿರ ವ್ಯಾಪಾರ ಮಾಡುವ ಸೇಠು ಜಾಸ್ತಿ ಕಟ್ಟುತ್ತಾನೆ. ಹೊಸ ಬಾಸ್ ಕಲಿಯಲು ಹೋಗಿ ಸತ್ತ ಹುಡುಗಿಗೆ ಏನೂ ಇಲ್ಲ.

ನನ್ನ ಸಿಟ್ಟು ಇಷ್ಟೇ. ಸಾವಿನ ಮೇಲೆ ಹಾಕುವ ಬಿಲ್ಲು ಕಲಿಯುವವರ ಮೇಲೆ ಬೀಳುತ್ತದೆ. ಬಾಸ್ ಗೊತ್ತಿರುವವನು ಸಾಯುವುದಿಲ್ಲ, ಅವನಿಗೆ ಬಿಲ್ಲಿಲ್ಲ, ಅವನ ಹತ್ತಿರ ಮೊದಲೇ ದುಡ್ಡು ಕೊಳೆಯುತ್ತಿದೆ. ಕಲಿಯುವವನು ಸಾಯುತ್ತಾನೆ, ಕಟ್ಟುತ್ತಾನೆ, ನಾಳೆ "ನನಗೆ ಕೆಲಸ ಇದೆ, ರೈಡ್‌ಗೆ ಬರಲ್ಲ" ಅನ್ನುತ್ತಾನೆ.

ಡಯಲಪ್_ದೊಡ್ಡಪ್ಪ

ಸುಬ್ಬಿ, ಒಳ್ಳೆಯ ಏಟು. ಆದರೆ ಗಿಲ್ಡ್ ವಾರ್ಸ್‌ನಲ್ಲಿ ಸಾಮಾನು ಸವೆದು ಹೋಗಬೇಕಾದ ಅಗತ್ಯವೇ ಇಲ್ಲ, ಅದು ಬೇರೆ ಥರದ ಆಟ. ನಾನು ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಆಡಿದವನು. ಆ ಕತೆ ಹೇಳದೆ ಹೋದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

2003ರಲ್ಲಿ ಶುರುವಾದ ಆಟ. ಅಲ್ಟಿಮಾ ಮಾಡಿದ್ದ ರಾಫ್ ಕಾಸ್ಟರ್ ಅವರದ್ದೇ ಅಲ್ಲೂ ಮುಖ್ಯ ತಲೆ. ಅಲ್ಲಿ ಒಳ್ಳೆಯ ಬಂದೂಕು ರಾಕ್ಷಸನ ಹೊಟ್ಟೆಯಿಂದ ಬೀಳುತ್ತಿರಲಿಲ್ಲ. ಆಟಗಾರರೇ ಮಾಡಬೇಕು. ಅದಕ್ಕೆ ಬೇಕಾದ ಲೋಹ ಇವತ್ತು ಒಂದು ಗ್ರಹದಲ್ಲಿ ಸಿಗುತ್ತದೆ, ಕೆಲವು ದಿನಕ್ಕೆ ಮಾಯ, ಮತ್ತೆ ಅದೇ ಗುಣದ್ದು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಒಳ್ಳೆ ಲೋಹ ಬಂದಾಗ ಗಣಿ ಯಂತ್ರ ಹೂಡಿ ಕೂಡಿಟ್ಟವನು ಜಾಣ. ಮಾಡಿದ ಸಾಮಾನು ಬಳಸುತ್ತಾ ಸವೆಯುತ್ತಿತ್ತು, ಸವೆದು ಸವೆದು ಒಂದು ದಿನ ಮುಗಿಯುತ್ತಿತ್ತು. ಮುಗಿದಾಗ ಗಿರಾಕಿ ವಾಪಸ್ ಬರುತ್ತಿದ್ದ.

ನಾನು ಅಲ್ಲಿ ಅಂಗಡಿ ಇಟ್ಟುಕೊಂಡಿದ್ದೆ. ಕತ್ತಿ ಹಿಡಿದು ಒಂದು ಜೀವಿಯನ್ನೂ ಕೊಂದವನಲ್ಲ. ಆಫೀಸಿನಿಂದ ಬಂದು ಅಂಗಡಿ ಬಾಗಿಲು ತೆಗೆದರೆ ಯಾರ್ಯಾರೋ ಬಂದು "ಕಳೆದ ಸಲ ಕೊಟ್ಟದ್ದು ಚೆನ್ನಾಗಿತ್ತು ಸ್ವಾಮಿ, ಅಂಥದ್ದೇ ಇನ್ನೊಂದು" ಅನ್ನುವ ಅರ್ಥದ ಸಂದೇಶ ಬಿಟ್ಟಿರುತ್ತಿದ್ದರು. ಅವರ ಸವಕಳಿ ನನ್ನ ಅನ್ನ. ಆಮೇಲೆ ಹಳೇ ಆಟಗಾರರಿಗೆ ಬಹುಮಾನ ಅಂತ ಸವಕಳಿ ತಡೆಯುವ ಕಿಟ್ ಕೊಟ್ಟರು. ಅದನ್ನು ಒಂದು ಸಾಮಾನಿಗೆ ಹಚ್ಚಿದರೆ ಅದು ಎಂದೂ ಹಾಳಾಗುವುದಿಲ್ಲ. ಪಡೆದವರಿಗೆ ಹಬ್ಬ. ನನಗೆ ಒಬ್ಬೊಬ್ಬರೇ ಗಿರಾಕಿ ಕಡಿಮೆ. ಆಟ ಮುಚ್ಚಿದ್ದು 2011ರ ಡಿಸೆಂಬರ್ 15ಕ್ಕೆ, ಅದಕ್ಕೆ ಕಾರಣ ನೂರೆಂಟು. ನನ್ನ ಅಂಗಡಿ ಅದಕ್ಕಿಂತ ಮುಂಚೆಯೇ ಮುಚ್ಚಿತ್ತು.

ಕುಂದಾಪ್ರ_ಕಮ್ಮಾರ

ದೊಡ್ಡಪ್ಪ, ಓದಿ ಬೇಜಾರಾಯಿತು ಮಾರಾಯ್ರೆ.

ನಾನು ಫೈನಲ್ ಫ್ಯಾಂಟಸಿ 14 ಆಡುವವ. ಅಲ್ಲಿ ಸವಕಳಿಗೆ ಎರಡು ಮುಖ ಉಂಟು. ಒಂದು ಮಾಮೂಲು: ಬಳಸಿದಂತೆ ಸಾಮಾನಿನ ಸ್ಥಿತಿ ಇಳಿಯುತ್ತದೆ, ಸೊನ್ನೆಯಾದರೆ ಉಪಯೋಗಕ್ಕಿಲ್ಲ. ಊರಿನ ಮೆಂಡರ್ (ರಿಪೇರಿಯವ) ಹತ್ತಿರ ಗಿಲ್, ಅಂದರೆ ಅಲ್ಲಿನ ದುಡ್ಡು, ಕೊಟ್ಟು 100ಕ್ಕೆ ತರಬಹುದು. ಆದರೆ ಆ ಸಾಮಾನಿಗೆ ಬೇಕಾದ ಕಸುಬಿನಲ್ಲಿ ನಿಮಗೆ ಸಾಕಷ್ಟು ಮಟ್ಟ ಇದ್ದರೆ ಡಾರ್ಕ್ ಮ್ಯಾಟರ್ ಅನ್ನುವ ಸಾಮಗ್ರಿ ಹಾಕಿ ನೀವೇ ರಿಪೇರಿ ಮಾಡಿಕೊಳ್ಳಬಹುದು. ಆಗ ಅದು 100 ಅಲ್ಲ, 199ರ ತನಕ ಏರುತ್ತದೆ! ಸ್ವಂತ ಕೈಯಿಂದ ಮಾಡಿದ್ದು ಅಂಗಡಿಯದಕ್ಕಿಂತ ಹೆಚ್ಚು ಬಾಳುತ್ತದೆ.

ಇನ್ನೊಂದು ಮುಖ ಇದಕ್ಕಿಂತ ಚಂದ. ಸಾಮಾನು ಹಾಕಿಕೊಂಡು ಹೊಡೆದಾಡಿದಷ್ಟೂ ಅದಕ್ಕೂ ನಿಮಗೂ ನಂಟು ಬೆಳೆಯುತ್ತದೆ. ಸ್ಪಿರಿಟ್‌ಬಾಂಡ್ ಅನ್ನುತ್ತಾರೆ. ಅದು ನೂರು ತುಂಬಿದರೆ ಒಳಗಿನಿಂದ ಮಟೀರಿಯಾ, ಅಂದರೆ ಬಲ ಕೊಡುವ ಹರಳು, ತೆಗೆಯಬಹುದು. ಅದನ್ನು ಬೇರೆ ಸಾಮಾನಿಗೆ ಕೂರಿಸಬಹುದು, ಮಾರಬಹುದು. ಅಂದರೆ ಬಳಕೆ ಒಂದು ಕಡೆ ತಿನ್ನುತ್ತದೆ, ಇನ್ನೊಂದು ಕಡೆ ಕೊಡುತ್ತದೆ. ನಮ್ಮ ಅಡುಗೆಮನೆಯ ಕಾವಲಿ ಹಾಗೆ. ಹಳತಾದಷ್ಟೂ ದೋಸೆ ಚೆನ್ನಾಗಿ ಏಳುತ್ತದೆ ಅಲ್ವಾ?

ನಾನು ಟ್ಯಾಂಕೇ. ರಿಪೇರಿ ಬಿಲ್ಲು ನೋಡಿ ಅತ್ತದ್ದು ನೆನಪಿಲ್ಲ.

ಕೆಫೆ_ಕಿಟ್ಟಿ

ನೀವೆಲ್ಲ ರಿಪೇರಿ ಆಗುವ ಸಾಮಾನಿನ ಬಗ್ಗೆ ಅಳುತ್ತಿದ್ದೀರಿ. ಪುಣ್ಯವಂತರು.

ನಮ್ಮ ದೇಶದಲ್ಲೇ ರಾಗ್ನರಾಕ್ ಆಟದ ಸರ್ವರ್ ಇದ್ದ ಕಾಲ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡುತ್ತಿದ್ದೆವು. ಅಲ್ಲಿ ಮಾಮೂಲು ಸವಕಳಿ ಇರಲಿಲ್ಲ. ಇದ್ದದ್ದು ಜೂಜು. ಪ್ರಾಂಟೆರಾ ಊರಿನ ಕಮ್ಮಾರನ ಹತ್ತಿರ ಎಲ್ಯೂನಿಯಂ ಅನ್ನುವ ಲೋಹ, ದುಡ್ಡು ಎರಡೂ ಕೊಟ್ಟು ಕವಚ ಗಟ್ಟಿ ಮಾಡಿಸುವುದು. ನಾಲ್ಕನೇ ಮಟ್ಟದ ತನಕ ಭಯ ಇಲ್ಲ. ಐದಕ್ಕೆ ಕೈ ಹಾಕಿದರೆ, ಕೆಟ್ಟ ಗಳಿಗೆಯಲ್ಲಿ ಕವಚವೇ ಒಡೆದು ಮಾಯ. ಅದರೊಳಗೆ ಕೂರಿಸಿದ, ಬಲ ಕೊಡುವ ಕಾರ್ಡೂ ಮಾಯ. ಒಂದು ಸಂಜೆ ಹಾಗೆ ಹೋದಾಗ ಕೆಫೆಯಲ್ಲಿ ಅಕ್ಕಪಕ್ಕದ ನಾಲ್ಕು ಹುಡುಗರು ಆಟ ನಿಲ್ಲಿಸಿ ನನ್ನ ಭುಜ ತಟ್ಟಿದ್ದರು. ಮನೆಯಲ್ಲಿ ಯಾರೋ ಹೋದ ಹಾಗೆ.

ಡಯಾಬ್ಲೊ 2ರ ವಿಷಯ ಒಂದು ಹೇಳಬೇಕು. ಅಲ್ಲಿ ಈಥೀರಿಯಲ್ ಸಾಮಾನು ಅಂತ ಬರುತ್ತದೆ. ಮಾಮೂಲಿಗಿಂತ ಒಂದೂವರೆ ಪಟ್ಟು ಬಲ, ಆದರೆ ರಿಪೇರಿ ಆಗುವುದೇ ಇಲ್ಲ. ಸವೆದರೆ ಸವೆಯಿತು. ಝೋಡ್ ಅನ್ನುವ ರೂನ್ (ಮಂತ್ರದ ಕಲ್ಲು) ಕೂರಿಸಿದರೆ ಅಳಿವಿಲ್ಲದ್ದಾಗುತ್ತದೆ, ಆದರೆ ಝೋಡ್ ಸಿಗಬೇಕಲ್ಲ! ಜನ ಕಂಡುಕೊಂಡ ಉಪಾಯ ಏನು ಅಂದರೆ, ಅದನ್ನು ಕೂಲಿ ಬಂಟನ ಕೈಗೆ ಕೊಡುವುದು. ಅವನ ಕೈಯಲ್ಲಿದ್ದ ಸಾಮಾನು ಸವೆಯುವುದೇ ಇಲ್ಲ. ಅದಕ್ಕೇ ಆ ಆಟದಲ್ಲಿ ಧಣಿಗಿಂತ ಆಳಿನ ಆಯುಧ ಭರ್ಜರಿ ಇರುತ್ತದೆ.

ಚಿಲ್ಲರೆ_ಲೆಕ್ಕ

ಇಷ್ಟು ಹೊತ್ತು ಓದಿದೆ. ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ತೂಬು ಹಾಕಿದವನೇ ಹೊರಗೆ ನೀರಿನ ಟ್ಯಾಂಕರ್ ನಿಲ್ಲಿಸಿಕೊಂಡಿದ್ದರೆ?

ಡಯಾಬ್ಲೊ 3 ನೆನಪಿದೆಯಾ? 2012ರ ಜೂನ್‌ನಲ್ಲಿ 1.0.3 ಅಪ್‌ಡೇಟ್ ಬಂದು ಮೇಲಿನ ಮಟ್ಟದ ಸಾಮಾನಿನ ರಿಪೇರಿ ದರ ಹಲವು ಪಟ್ಟು ಏರಿತು. ಸತ್ತು ಸತ್ತು ಓಡಿ ಬಂದು ಬಾಸ್ ಮುಗಿಸುವವರಿಗೆ ಕಡಿವಾಣ ಬೀಳಲಿ ಅನ್ನುವುದು ಒಂದು ವಾದ, ನ್ಯಾಯವೇ. ಆದರೆ ಅದೇ ಆಟದೊಳಗೆ ನಿಜವಾದ ದುಡ್ಡಿನ ಹರಾಜುಕಟ್ಟೆಯೂ ಆಗ ಇತ್ತು. ಜನಕ್ಕೆ ಅನುಮಾನ ಬಂದರೆ ತಪ್ಪೇ? 2014ರ ಮಾರ್ಚ್ 18ಕ್ಕೆ ಆ ಹರಾಜುಕಟ್ಟೆಯನ್ನೇ ಮುಚ್ಚಿದರು.

ವಾರ್‌ಕ್ರಾಫ್ಟ್‌ಗೂ 2015ರಲ್ಲಿ ಟೋಕನ್ ಬಂತು. ನಿಜವಾದ ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡು, ಹರಾಜಿನಲ್ಲಿ ಮಾರಿ ಗೋಲ್ಡ್ ಮಾಡಿಕೊಳ್ಳಬಹುದು. ಆವತ್ತಿನಿಂದ ಒಂದು ರಾತ್ರಿಯ ರಿಪೇರಿಗೂ ರೂಪಾಯಿಯಲ್ಲಿ ಬೆಲೆ ಕಟ್ಟಬಹುದು. ವರ್ಲ್ಡ್ ಆಫ್ ಟ್ಯಾಂಕ್ಸ್ ಪಾತ್ರಗಳ ಆಟ ಅಲ್ಲ, ಆದರೂ ಹೇಳುತ್ತೇನೆ: ಹತ್ತನೇ ಶ್ರೇಣಿಯ ಟ್ಯಾಂಕ್ (ಇದು ನಿಜವಾದ ಯುದ್ಧದ ಗಾಡಿ) ತೆಗೆದುಕೊಂಡು ಹೋದರೆ ಗೆದ್ದ ಪಂದ್ಯದಲ್ಲೂ ರಿಪೇರಿ, ಗುಂಡಿನ ಖರ್ಚು ಕಳೆದು ಕೈಗೆ ಬರುವುದು ಕಡಿಮೆ, ಎಷ್ಟೋ ಸಲ ನಷ್ಟ. ಪ್ರೀಮಿಯಂ ಖಾತೆ ಇದ್ದವರಿಗೆ ಸಂಪಾದನೆ ಜಾಸ್ತಿ. ಅಲ್ಲಿ ರಿಪೇರಿ ಬಿಲ್ಲು ಅಂದರೆ ಅಂಗಡಿಯ ಬಾಗಿಲು.

ಅದಕ್ಕೆ ನಾನು ರಿಪೇರಿ ದರ ನೋಡುವಾಗ ದರ ಎಷ್ಟು ಅಂತ ಕೇಳುವುದಿಲ್ಲ. ಗೋಲ್ಡ್ ಮಾರುವವರು ಯಾರು ಅಂತ ಮೊದಲು ನೋಡುತ್ತೇನೆ.

ಸುಮ್ನಿರು_ಸುಬ್ಬಿ

ಇದು ಮಾತು!

ಡಯಲಪ್_ದೊಡ್ಡಪ್ಪ

ಒಪ್ಪಿದೆ. ಆದರೆ ತೂಬು ಜಾಸ್ತಿಯಾದರೂ ಎಡವಟ್ಟೇ. 2021ರಲ್ಲಿ ನ್ಯೂ ವರ್ಲ್ಡ್ ಬಂದ ಹೊಸದರಲ್ಲಿ ರಿಪೇರಿಗೆ ನಾಣ್ಯ, ಮನೆಗೆ ತೆರಿಗೆ, ಪ್ರಯಾಣಕ್ಕೆ ಖರ್ಚು. ಮೇಲಿನ ಮಟ್ಟಕ್ಕೆ ಹೋದವರಿಗೆ ನಾಣ್ಯ ಬರುವ ದಾರಿ ಕಿರಿದು. ಕೆಲವು ಸರ್ವರ್‌ಗಳಲ್ಲಿ ಜನ ನಾಣ್ಯ ಬಿಟ್ಟು ಸಾಮಾನಿಗೆ ಸಾಮಾನು ಬದಲಾಯಿಸಿಕೊಳ್ಳಲು ಶುರು ಮಾಡಿದ್ದರು. ಭತ್ತ ಕೊಟ್ಟು ಬೆಲ್ಲ ತಂದ ಹಾಗೆ.

ಹಾಗೇ ಈವ್ ಆನ್‌ಲೈನ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ನಿಮ್ಮ ಬಾಹ್ಯಾಕಾಶ ಹಡಗು ಸಿಡಿದರೆ ಹೋಯಿತು, ವಿಮೆಯಿಂದ ಒಂದಷ್ಟು ಬರುತ್ತದೆ ಅಷ್ಟೇ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಅನ್ನುವ ಜಾಗದ ಕಾಳಗದಲ್ಲಿ 75 ಟೈಟನ್ (ದೈತ್ಯ) ಹಡಗುಗಳು ಒಂದೇ ದಿನದಲ್ಲಿ ಬೂದಿ. ನಿಜ ದುಡ್ಡಿಗೆ ಲೆಕ್ಕ ಹಾಕಿ ಮೂರು ಲಕ್ಷ ಡಾಲರ್ ಅಂದರು. ತಮ್ಮಣ್ಣ, ನಿನ್ನ 14 ಗೋಲ್ಡ್ ನೆನೆಸಿಕೊಂಡು ಸಮಾಧಾನ ಮಾಡಿಕೋ.

ತಗಡು_ತಮ್ಮಣ್ಣ

ಅವರ ಮನೆ ಸುಟ್ಟಿತು ಅಂತ ನನ್ನ ಅಂಗಿ ತೂತು ಮುಚ್ಚುತ್ತದಾ ದೊಡ್ಡಪ್ಪ?

ಮುಲಾಮು_ಮಾಲಾ

ಎಲ್ಲರೂ ಊರು ಸುತ್ತಿ ಬಂದಿರಿ. ತಮ್ಮಣ್ಣನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ದುಡ್ಡು ಯಾರು ಕೊಡಬೇಕು?

ಆಟ ಮಾಡಿದವರು ಬರೆದ ನಿಯಮ ನಾವು ಬದಲಾಯಿಸಲಾರೆವು. ಗಿಲ್ಡ್ ಒಳಗಿನ ನಿಯಮ ಬದಲಾಯಿಸಬಹುದು. ನಮ್ಮಲ್ಲಿ ಹೀಗಿದೆ: ರೈಡ್‌ನಲ್ಲಿ ಬೀಳುವ, ಯಾರಿಗೂ ಬೇಡದ ಮಾರಬಹುದಾದ ಸಾಮಾನೆಲ್ಲ ಒಂದು ಬ್ಯಾಂಕ್ ಪಾತ್ರದ ಹೆಸರಿಗೆ ಹೋಗುತ್ತದೆ. ಒಂದನೇ ಮಟ್ಟದ ಹೆಣ್ಣು ಗ್ನೋಮ್, ಎಂದೂ ಊರು ಬಿಟ್ಟು ಹೊರಗೆ ಹೋದವಳಲ್ಲ, ಕೈಯಲ್ಲಿ ಸಾವಿರಾರು ಗೋಲ್ಡ್. ಹರಾಜಿನಲ್ಲಿ ಮಾರಿದ ದುಡ್ಡಿನಿಂದ ಮೊದಲು ಟ್ಯಾಂಕ್‌ಗಳ ರಿಪೇರಿ. ಆಮೇಲೆ ಎಲ್ಲರಿಗೂ ಬೇಕಾಗುವ ಔಷಧಿ. ಉಳಿದರೆ ಹಂಚಿಕೆ. ಹೊಸ ಬಾಸ್ ಕಲಿಯುವ ವಾರ ಹೀಲರ್‌ಗಳಿಗೂ ಅರ್ಧ ಬಿಲ್ಲು ಕೊಡುತ್ತೇವೆ. ಯಾರೂ ರಸೀದಿ ಕೇಳುವುದಿಲ್ಲ. ಬಿಲ್ಲಿನ ಸ್ಕ್ರೀನ್‌ಶಾಟ್ ಹಾಕಿದರೆ ಸಾಕು.

ಆಮೇಲೆ ಆಟದೊಳಗೆ ಎಂಜಿನಿಯರ್ ಕಸುಬು ಕಲಿತ ಒಬ್ಬರನ್ನು ಸಾಕಿಕೊಳ್ಳಿ. ಬ್ಲ್ಯಾಕ್‌ರಾಕ್ ಡೆಪ್ತ್ಸ್ ಅನ್ನುವ ಜಾಗದೊಳಗೆ ಗೋಲೆಮ್ ಲಾರ್ಡ್ ಅನ್ನುವ ಬಾಸ್ ಇರುವ ಕಡೆ ನೆಲದ ಮೇಲೆ ಫೀಲ್ಡ್ ರಿಪೇರ್ ಬಾಟ್ 74ಎ ಅನ್ನುವ ರಿಪೇರಿ ಯಂತ್ರ ಮಾಡುವ ನಕ್ಷೆ ಬಿದ್ದಿರುತ್ತದೆ. ಅದನ್ನು ಕಲಿತವರು ಥೋರಿಯಂ ಗಟ್ಟಿ ಖರ್ಚು ಮಾಡಿ ಬಾಟ್ ಕಟ್ಟಿ ತರಲಿ. ರೈಡ್ ಮಧ್ಯೆ ಇಟ್ಟರೆ ಹತ್ತು ನಿಮಿಷ ಇರುತ್ತದೆ, ಎಲ್ಲರೂ ಅಲ್ಲೇ ರಿಪೇರಿ ಮಾಡಿಕೊಳ್ಳಬಹುದು. ಊರಿಗೆ ಹೋಗಿ ಬರುವ ಅರ್ಧ ಗಂಟೆ ಉಳಿಯುತ್ತದೆ. 40 ಜನರ ಅರ್ಧ ಗಂಟೆ ಅಂದರೆ 20 ಗಂಟೆ. ಅದಕ್ಕೆ ಯಾರೂ ಬಿಲ್ಲು ಹಾಕುವುದಿಲ್ಲ, ಆದರೆ ಅದೂ ಖರ್ಚೇ.

ಮೇಜ್_ಮಂಜ

ನೀರು ಬಿಟ್ಟವನು ನಾನು ಅಂದಿರಲ್ಲ, ಮನಸ್ಸಿಗೆ ಹತ್ತಿತು. ತಮ್ಮಣ್ಣ, ನಾನೂ ನೀನೂ ಒಂದೇ ಗಿಲ್ಡ್ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನಾಲ್ಕು ಗೋಲ್ಡ್ ಕಟ್ಟಿದ ಮೇಜ್ ನಾನೇ. ಅಂಚೆಪೆಟ್ಟಿಗೆ ನೋಡು.

ಬಸ್_ಸೀಟಿನ_ಬಂಟ

ಓಹೋ! ಇದು ಮನೆ ಜಗಳ!

ತಗಡು_ತಮ್ಮಣ್ಣ

ಒಂದು ವಾರದ ಮೇಲೆ ವಾಪಸ್ ಬಂದೆ, ಏನಾಯಿತು ಅಂತ ಹೇಳಬೇಕಲ್ಲ.

ಮಂಜ 20 ಗೋಲ್ಡ್ ಕಳಿಸಿದ್ದ. ವಿಷಯ ಅನ್ನುವ ಜಾಗದಲ್ಲಿ "ತಗಡಿಗೆ ಬೆಸುಗೆ" ಅಂತ ಬರೆದಿದ್ದ. ಗಿಲ್ಡ್ ಮೀಟಿಂಗ್‌ನಲ್ಲಿ ಮಾಲಕ್ಕನ ಪದ್ಧತಿ ಓದಿ ಹೇಳಿದೆ. ಇಬ್ಬರು ಗೊಣಗಿದರು, ಉಳಿದವರು ಒಪ್ಪಿದರು. ಇನ್ನು ಮೇಲೆ ಮೂವರು ಟ್ಯಾಂಕ್‌ಗಳ ರಿಪೇರಿ ಗಿಲ್ಡ್ ಖರ್ಚು. ಬ್ಯಾಂಕ್ ಪಾತ್ರಕ್ಕೆ "ಸೇಠಮ್ಮ" ಅಂತ ಹೆಸರು ಇಟ್ಟಿದ್ದೇವೆ.

ಈ ಶನಿವಾರ ಎಂಜಿನಿಯರ್ ಕೂಡ ಬಾಟ್ ತಂದಿದ್ದ. ಐದು ಸಲ ಸತ್ತ ಮೇಲೆ ಇಟ್ಟ. ಎಲ್ಲರೂ ಸುತ್ತ ನಿಂತು ರಿಪೇರಿ ಮಾಡಿಕೊಳ್ಳುತ್ತಾ, ಚೀಲದ ಕಸ ಮಾರುತ್ತಾ ಇದ್ದರು. ನಾನು ಒಂದು ಹೆಜ್ಜೆ ಮುಂದಿಟ್ಟೆ, ಅಷ್ಟರಲ್ಲಿ ಇಲ್ಲಿ ಮಳೆ, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೇದು, ಅದೂ ಕೈಕೊಟ್ಟಿತು. ಫೋನಿನ ನೆಟ್ ಹಂಚಿಕೊಂಡು ಲ್ಯಾಪ್‌ಟಾಪ್‌ನಲ್ಲಿ ವಾಪಸ್ ಒಳಗೆ ಬರುವ ಹೊತ್ತಿಗೆ ಹನ್ನೆರಡು ನಿಮಿಷ ಆಗಿತ್ತು. ಬಾಟ್ ಇದ್ದ ಜಾಗದಲ್ಲಿ ಏನೂ ಇಲ್ಲ. ಮೂವತ್ತೊಂಬತ್ತು ಜನ ಫಳಫಳ ಹೊಳೆಯುತ್ತಾ ನನ್ನನ್ನೇ ನೋಡುತ್ತಿದ್ದರು. ನನ್ನ ಬೊಂಬೆ ಹಳದಿ.

"ಶುರು ಮಾಡೋಣವಾ?" ಅಂತ ಮಂಜ ಕೇಳಿದ.